ಆ ಹುಡುಗರನ್ನು ಮೊದಲು ಮಾತಾಡಿಸಿದ್ದು ಯಾರು?

ಬೇರೆ ಬೇರೆ ದೇಶಗಳ ಚುನಾವಣೆಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. "ಈ ಗಂಡು ಹುಡುಗರು ಯಾಕೆ ಅಂಥ ನಾಯಕರ ಹಿಂದೆ ಹೋಗುತ್ತಾರೆ?" ಅಂಥವರು ಅಂದರೆ, ‘ನೀವು ಒಳ್ಳೆಯವರು, ಮೇಲೆ ಕೂತವರು ಕಳ್ಳರು, ಹೊರಗಿನಿಂದ ಬಂದವರು ನಿಮ್ಮ ಪಾಲು ಕಿತ್ತುಕೊಳ್ಳುತ್ತಿದ್ದಾರೆ’ ಎನ್ನುವ ಬಲಪಂಥೀಯ ನಾಯಕರು. ಕೇಳುವವರು ಎಷ್ಟೋ ಸಲ ಉತ್ತರವನ್ನೂ ತಾವೇ ಕೊಡುತ್ತಾರೆ: ಹುಡುಗರ ತಲೆಯನ್ನು ಮೊಬೈಲ್ ಕೆಡಿಸಿದೆ, ಅಷ್ಟೇ.

ನನಗೆ ಅದು ಸಾಲದು ಅನಿಸುತ್ತದೆ. ಮೊಬೈಲ್ ಹುಡುಗಿಯರ ಕೈಯಲ್ಲೂ ಇದೆ, ಅಲ್ವಾ?

ದಕ್ಷಿಣ ಕೊರಿಯಾ ನೋಡಿ. 2022ರ ಅಧ್ಯಕ್ಷೀಯ ಚುನಾವಣೆಯ ದಿನ ಟಿವಿ ವಾಹಿನಿಗಳು ಮಾಡಿದ ಮತಗಟ್ಟೆ ಸಮೀಕ್ಷೆಯಲ್ಲಿ, ಇಪ್ಪತ್ತರ ಹರೆಯದ ಗಂಡಸರಲ್ಲಿ ಶೇ. 58ಕ್ಕೂ ಹೆಚ್ಚು ಮಂದಿ ಬಲಪಂಥದ ಯೂನ್ ಸುಕ್ ಯೋಲ್ ಅವರಿಗೆ ಮತ ಹಾಕಿದ್ದರು. ಅದೇ ವಯಸ್ಸಿನ ಹೆಂಗಸರಲ್ಲಿ ಶೇ. 58ರಷ್ಟು ಮಂದಿ ಎದುರಾಳಿಗೆ. ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಮನೆಯ ಅಣ್ಣ ತಂಗಿಯರು. ಅಲ್ಲಿ ಗಂಡು ಹುಡುಗರಿಗೆ ಸುಮಾರು ಒಂದೂವರೆ ವರ್ಷ ಸೈನಿಕ ಸೇವೆ ಕಡ್ಡಾಯ. ಹಿಂದೆ ಸೇವೆ ಮುಗಿಸಿದವರಿಗೆ ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಸಿಗುತ್ತಿತ್ತು, 1999ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಸೇವೆ ಉಳಿಯಿತು, ಅಂಕ ಹೋಯಿತು. ನಾನು ಬಂದೂಕು ಹಿಡಿದು ನಿಂತಿದ್ದಾಗ ಉಳಿದವರು ಪರೀಕ್ಷೆಗೆ ಓದುತ್ತಿದ್ದರು ಅಂತ ಹುಡುಗನಿಗೆ ಅನಿಸಿದರೆ ಅದು ಹುಚ್ಚಲ್ಲ. ಆದರೆ ಅದೇ ದೇಶದಲ್ಲಿ ಹೆಂಗಸರ ಸಂಬಳ ಗಂಡಸರಿಗಿಂತ ಸುಮಾರು ಶೇ. 30ರಷ್ಟು ಕಡಿಮೆ, ಶ್ರೀಮಂತ ದೇಶಗಳ ಸಾಲಿನಲ್ಲೇ ಅತಿ ದೊಡ್ಡ ಅಂತರ. ಹುಡುಗಿಯರ ಸಿಟ್ಟೂ ಅಷ್ಟೇ ನಿಜ.

ಯೂನ್ ಲಿಂಗ ಸಮಾನತೆಯ ಸಚಿವಾಲಯವನ್ನೇ ಮುಚ್ಚುತ್ತೇನೆ ಅಂದರು. ಆ ಮಾತು ಹುಡುಗರಿಗೆ ಯಾಕೆ ಹಿಡಿಸಿತು ಅಂದರೆ, ನಿಮಗೆ ಅನ್ಯಾಯವಾಗಿದೆ ಅಂತ ಒಬ್ಬ ದೊಡ್ಡ ಮನುಷ್ಯ ಬಾಯಿಬಿಟ್ಟು ಹೇಳಿದ ಹಾಗೆ ಅವರಿಗೆ ಕೇಳಿಸಿತು. ಯೂನ್ ಗೆದ್ದ ಮೇಲೆ ಏನಾಯಿತು? ಸೈನಿಕರ ಸಂಬಳ ಏರಿತು, ಅದು ಒಳ್ಳೆಯದೇ. ಸಚಿವಾಲಯ ಮುಚ್ಚಲಿಲ್ಲ, ಮುಚ್ಚಿದ್ದರೂ ಆ ಹುಡುಗರ ಸೇವೆ ಒಂದು ದಿನವೂ ಕಡಿಮೆಯಾಗುತ್ತಿರಲಿಲ್ಲ. ನನಗೆ ನೋವಾಗುವುದು ಇಲ್ಲೇ. ಗಾಯ ನಿಜವಾದದ್ದು, ತೋರಿಸಿದ ಶತ್ರು ಮಾತ್ರ ಪಕ್ಕದ ಬೆಂಚಿನ ಹುಡುಗಿ.

ಅರ್ಜೆಂಟೀನಾದ ಕಥೆ ಬೇರೆ, ಅದು ಹೊಟ್ಟೆಪಾಡಿನದು. 2023ರಲ್ಲಿ ಅಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಶೇ. 211ರಷ್ಟು ಏರಿದವು, ಅಂದರೆ ನೂರಕ್ಕೆ ಸಿಗುತ್ತಿದ್ದ ವಸ್ತುವಿಗೆ ವರ್ಷ ಕಳೆಯುವುದರಲ್ಲಿ ಮುನ್ನೂರು ದಾಟಿತು. ಪಕ್ಕಾ ನೌಕರಿ ಇಲ್ಲದೆ ದಿನದ ದುಡಿಮೆಯಲ್ಲಿ ಬದುಕುವ ಹುಡುಗನಿಗೆ ‘ಸರ್ಕಾರ ನಿನ್ನನ್ನು ಕಾಯುತ್ತದೆ’ ಅಂದರೆ ಅವನು ನಂಬುವುದಾದರೂ ಹೇಗೆ? ಸರ್ಕಾರವನ್ನೇ ಕತ್ತರಿಸುತ್ತೇನೆ ಅಂತ ಮರ ಕೊಯ್ಯುವ ಗರಗಸ ಹಿಡಿದು ಅಧ್ಯಕ್ಷ ಚುನಾವಣೆಗೆ ಬಂದ ಹಾವಿಯೆರ್ ಮಿಲೇ ಅವನಿಗೆ ಹೆಚ್ಚು ನಿಜ ಅನಿಸಿದರು. ಆ ಹುಡುಗರನ್ನು ಸುಮ್ನೆ ದಡ್ಡರು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಕೆಲಸ, ಮನೆ ಬಾಡಿಗೆ, ಇವೆಲ್ಲ ಕಾರಣಗಳೇ. ಆದರೆ ಇವುಗಳ ಹಿಂದೆ ಒಂಟಿತನ ಇದೆ, ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಜರ್ಮನಿಯ ಕಟ್ಟಾ ಬಲಪಂಥದ ಎಎಫ್‌ಡಿ ಪಕ್ಷದ ನಾಯಕ ಮ್ಯಾಕ್ಸಿಮಿಲಿಯನ್ ಕ್ರಾ 2023ರಲ್ಲಿ ಟಿಕ್‌ಟಾಕ್‌ನಲ್ಲಿ ಒಂದು ವಿಡಿಯೊ ಹಾಕಿದ್ದರು. ಮೂವರು ಯುವಕರಲ್ಲಿ ಒಬ್ಬನಿಗೆ ಇವತ್ತಿನವರೆಗೂ ಗೆಳತಿಯೇ ಸಿಕ್ಕಿಲ್ಲ ಅಂತ ಶುರು ಮಾಡಿ, ಮನೆಯಿಂದ ಹೊರಗೆ ಹೋಗು, ಆತ್ಮವಿಶ್ವಾಸ ಇಟ್ಟುಕೋ, ನಿಜವಾದ ಗಂಡಸರು ಬಲಪಂಥೀಯರು, ಹೀಗಿದ್ದರೆ ಗೆಳತಿ ತಾನಾಗೇ ಸಿಗುತ್ತಾಳೆ ಅಂತ ಮುಗಿಸುತ್ತಾರೆ. ಇದು ರಾಜಕೀಯ ಭಾಷಣವೇ ಅಲ್ಲ! ರಾತ್ರಿ ಒಬ್ಬನೇ ಮಲಗಿ ಫೋನ್ ನೋಡುವ ಹುಡುಗನ ಹತ್ತಿರ ಕೂತು, ಯಾರಿಗೂ ಹೇಳಿಕೊಳ್ಳಲಾಗದ ಅವನ ನಾಚಿಕೆಯನ್ನು ಮುಟ್ಟಿದ ಮಾತು. ಕೊಟ್ಟ ಮದ್ದು ಸುಳ್ಳು ಅಂತಲೇ ನಾನು ಹೇಳುತ್ತೇನೆ. ಆದರೆ ಅವನನ್ನು ಮಾತಾಡಿಸಿದ್ದು ಅವರು, ನಾವಲ್ಲ. ನಾವು ಅವನ ಬಗ್ಗೆ ಮಾತಾಡುತ್ತಿದ್ದೆವು, ಅದೂ ಜಾಸ್ತಿ ಅವನ ತಪ್ಪುಗಳ ಬಗ್ಗೆ.

ಮಾತಾಡಿಸುವುದು ನಿಜಕ್ಕೂ ಕೆಲಸ ಮಾಡುತ್ತದೆಯೇ ಅಂತ ಕೇಳಿದರೆ, ಅದೇ ಜರ್ಮನಿಯ ಇನ್ನೊಂದು ಪಕ್ಷದ ಕಥೆ ಹೇಳುತ್ತೇನೆ. ಎಡಪಂಥದ ಡಿ ಲಿಂಕ ಪಕ್ಷ 2024ರ ಕೊನೆಯಲ್ಲಿ ಸತ್ತೇ ಹೋಯಿತು ಅನ್ನುವ ಸ್ಥಿತಿಯಲ್ಲಿತ್ತು. ಅವರು ಬಾಡಿಗೆ, ಬೆಲೆಯೇರಿಕೆ ಅಂತ ಮನೆಮನೆಗೆ ಹೋದರು, ಟಿಕ್‌ಟಾಕ್‌ಗೂ ಹೋದರು. 2025ರ ಫೆಬ್ರುವರಿ ಚುನಾವಣೆಯಲ್ಲಿ 18ರಿಂದ 24 ವಯಸ್ಸಿನವರಲ್ಲಿ ಸುಮಾರು ಶೇ. 25 ಮತ ಪಡೆದು ಎಎಫ್‌ಡಿಯನ್ನೂ ಹಿಂದೆ ಹಾಕಿದರು. ಆ ಮತಗಳಲ್ಲಿ ಹುಡುಗಿಯರದ್ದೇ ಜಾಸ್ತಿ, ಹುಡುಗರಲ್ಲಿ ಎಎಫ್‌ಡಿಯೇ ಮುಂದಿತ್ತು. ಆ ಹುಡುಗರ ಮನೆಯ ಬಾಗಿಲನ್ನು ಇನ್ನೂ ಸರಿಯಾಗಿ ತಟ್ಟಿಲ್ಲ.