ಎರಡು ಬಾಗಿಲಿನ ಡೇರೆ

ನಾನು ಸ್ಕೂಟರ್ ಕಲಿತ ಕಾಲಕ್ಕೆ ಮಡಿಕೇರಿಯ ಆರ್‌ಟಿಓ ಆಫೀಸು 'ಸನ್ನಿಸೈಡ್' ಎಂಬ ಹಳೇ ಬಂಗಲೆಯಲ್ಲಿತ್ತು. ಎಲ್‌ಎಲ್‌ಆರ್‌ಗೆಂದು ಅಲ್ಲಿ ಕ್ಯೂ ನಿಂತಾಗ ಅದು ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ಮನೆ ಅಂತ ಗೊತ್ತಿತ್ತು. ಗೊತ್ತಿದ್ದೂ ಏನೂ ಅನಿಸಿರಲಿಲ್ಲ. ನಮ್ಮ ಕಡೆ ಯಾವ ಮನೆಗೆ ಕಲ್ಲು ಹೊಡೆದರೂ ಅದು ಒಬ್ಬ ಕರ್ನಲ್ಲಿಗೋ ಹವಾಲ್ದಾರನಿಗೋ ಬೀಳುತ್ತದೆ. ಆ ದಿನ ನನ್ನ ತಲೆಯಲ್ಲಿದ್ದದ್ದು ಫಾರಂಗೆ ಫೋಟೋ ಅಂಟಿಸಲು ಗೋಂದು ಎಲ್ಲಿ ಸಿಗುತ್ತದೆ ಅನ್ನುವುದೊಂದೇ.

2021ರಲ್ಲಿ ಆ ಮನೆ ಮ್ಯೂಸಿಯಂ ಆಯಿತು. ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಎರಡು ದಿನ ಮಳೆ ಬಿಡದೆ ಮನೆಯೊಳಗೇ ಕೂತು ಅವನಿಗೂ ನನಗೂ ತಲೆ ಚಿಟ್ಟು ಹಿಡಿದು, ಕೊಡೆ ಹಿಡಿದುಕೊಂಡು ಅಲ್ಲಿಗೆ ಹೋದೆವು. ಅಂಗಳದ ಟ್ಯಾಂಕಿನ ಮುಂದೆ ಒಂದು ಸೆಲ್ಫಿ ಆಯಿತು. ಒಳಗೆ 1950ರ ಕೊರಿಯಾ ಯುದ್ಧದ ವಿಷಯ ಬಂದಲ್ಲಿ ಹುಡುಗ ನಿಂತ. ಉಕ್ರೇನ್ ಯುದ್ಧದ ವಿಡಿಯೋಗಳನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ನೋಡುವವನು ಅವನು.

"ಮಾವ, ಈಗ ಉತ್ತರ ಕೊರಿಯಾದವರು ರಷ್ಯಾಕ್ಕೋಸ್ಕರ ಸಾಯ್ತಿದ್ದಾರೆ. ಆಗ ಚೀನಾದವರು ಉತ್ತರ ಕೊರಿಯಾಕ್ಕೋಸ್ಕರ ಸತ್ರು. ನಮ್ಮವರು ಅಲ್ಲಿ ಯಾರಿಗೋಸ್ಕರ ಹೋಗಿದ್ರು?"

ನಾನು ಥಟ್ಟನೆ ಉತ್ತರ ಹೇಳಲಿಲ್ಲ. ನನಗೆ ನೆನಪಾದದ್ದು ಸುಬೇದಾರ್ ಅಜ್ಜ.

ಅವರು ನಮ್ಮ ಪಕ್ಕದ ಮನೆಯವರು, ನೆಂಟರಲ್ಲ. 1953ರಲ್ಲಿ ಇನ್ನೂ ನಾಯಕ್ ಆಗಿದ್ದಾಗ ಕೊರಿಯಾಕ್ಕೆ ಹೋಗಿಬಂದಿದ್ದರು. ಹುಡುಗರಾದ ನಮಗೆ ಅವರ ಕಥೆಯೆಂದರೆ ನಿರಾಸೆ. "ಎಷ್ಟು ಜನರನ್ನು ಹೊಡೆದ್ರಿ ಅಜ್ಜ?" ಅಂದರೆ, "ಹೊಡೆಯೋದೆಲ್ಲಿ ಬಂತು ಮರೀ, ಕಲ್ಲು ತಿಂದು ಬಂದೆವು" ಅನ್ನುತ್ತಿದ್ದರು. ಯುದ್ಧಕ್ಕೆ ಹೋಗಿ ಕಲ್ಲೇಟು ತಿಂದು ಬಂದ ಸೈನಿಕ ನಮ್ಮ ಬೀದಿಗೇ ಅವಮಾನ ಅನಿಸುತ್ತಿತ್ತು. ಅದು ಎಂಥ ಕೆಲಸವಾಗಿತ್ತು ಅಂತ ನನಗೆ ಅರ್ಥವಾದದ್ದು ಅವರು ಹೋಗಿ ಎಷ್ಟೋ ವರ್ಷಗಳ ಮೇಲೆ, ಪುಸ್ತಕ ಹಿಡಿದು ಕೂತಾಗ.

ಆ ಯುದ್ಧದಲ್ಲಿ ಯಾರೂ ತಮ್ಮ ನಿಜವಾದ ಹೆಸರಿನಲ್ಲಿ ಹೊಡೆದಾಡಲಿಲ್ಲ. 1950ರ ಜೂನ್ 25ಕ್ಕೆ ಉತ್ತರ ಕೊರಿಯಾದ ಸೈನ್ಯ ಎರಡೂ ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿತು. ಭದ್ರತಾ ಮಂಡಳಿಯಲ್ಲಿ ವೀಟೋ ಹಾಕಬೇಕಿದ್ದ ಸೋವಿಯತ್ ಪ್ರತಿನಿಧಿ, ಚೀನಾದ ಕುರ್ಚಿ ಇನ್ನೂ ಕಮ್ಯುನಿಸ್ಟರಿಗೆ ಸೋತು ತೈವಾನ್ ಸೇರಿದ ಚಿಯಾಂಗ್ ಕೈ ಷೇಕ್ ಕಡೆಯವರ ಹತ್ತಿರವೇ ಇದೆಯೆಂಬ ಸಿಟ್ಟಿಗೆ ಸಭೆಗೇ ಹೋಗುತ್ತಿರಲಿಲ್ಲ. ಹಾಗಾಗಿ ಅಮೆರಿಕದ ಸೈನ್ಯ ವಿಶ್ವಸಂಸ್ಥೆಯ ಬಾವುಟ ಹಿಡಿದು ಇಳಿಯಿತು. ಅಲ್ಲಿನ ಅಧ್ಯಕ್ಷ ಟ್ರೂಮನ್ ಅದಕ್ಕೆ ಯುದ್ಧ ಅನ್ನಲಿಲ್ಲ, 'ಪೊಲೀಸ್ ಕಾರ್ಯಾಚರಣೆ' ಅಂದರು. (ನಮ್ಮವರಿಗೂ ಆ ಪದ ಹೊಸದೇನಲ್ಲ, ಹೈದರಾಬಾದಿನದು 1948ರಲ್ಲೇ ಆಗಿತ್ತು.)

ಚೀನಾದ್ದು ಇನ್ನೂ ಸೊಗಸು. ಅಕ್ಟೋಬರ್ 2ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗಿನಲ್ಲಿದ್ದ ನಮ್ಮ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದವರು 38ನೇ ಅಕ್ಷಾಂಶ ದಾಟಿದರೆ ನಾವು ಸುಮ್ಮನಿರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ದೆಹಲಿಯ ಮೂಲಕ ಆ ಮಾತು ವಾಷಿಂಗ್ಟನ್‌ಗೆ ಮುಟ್ಟಿತು. ಪಣಿಕ್ಕರ್ ಕಮ್ಯುನಿಸ್ಟರ ಕಡೆ ವಾಲಿದ ಮನುಷ್ಯ ಅಂತ ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಟೋಬರ್ 15ರಂದು ವೇಕ್ ದ್ವೀಪದಲ್ಲಿ ಅಮೆರಿಕದ ಸೇನಾಪತಿ ಮ್ಯಾಕ್‌ಆರ್ಥರ್, ಚೀನಾ ಬರುವ ಸಂಭವ ತೀರಾ ಕಡಿಮೆ ಎಂದು ಟ್ರೂಮನ್ನರಿಗೆ ಭರವಸೆ ಕೊಟ್ಟರು. ನಾಲ್ಕು ದಿನ ಕಳೆದು, 19ರ ರಾತ್ರಿ, ಚೀನೀ ಸೇನಾಪತಿ ಪೆಂಗ್ ದೆಹುವಾಯ್ ಸೈನ್ಯ ಗಡಿಯ ಯಾಲೂ ನದಿ ದಾಟತೊಡಗಿತು. ಅದು ಸೈನ್ಯವಲ್ಲವಂತೆ, 'ಜನತಾ ಸ್ವಯಂಸೇವಕರು'! ಲಕ್ಷಗಟ್ಟಲೆ ಸ್ವಯಂಸೇವಕರು. ಸೈನ್ಯ ಎಂದರೆ ಅಮೆರಿಕದ ಮೇಲೆ ಯುದ್ಧ ಸಾರಿದಂತಾಗುತ್ತದೆ, ಸ್ವಯಂಸೇವಕರು ಎಂದರೆ ಇಲ್ಲ. ಮಾವೋ ಅವರ ಮಗ ಮಾವೋ ಅನ್‌ಯಿಂಗ್ ಕೂಡ ಹಾಗೇ ಹೋಗಿ, ನವೆಂಬರ್ 25ರ ಬಾಂಬ್ ದಾಳಿಯಲ್ಲಿ ಸತ್ತ.

ಸ್ಟಾಲಿನ್ ಕಳಿಸಿದ ಪೈಲಟ್‌ಗಳಿಗಂತೂ ಹೆಸರೇ ಇರಲಿಲ್ಲ. ಅವರ ಮಿಗ್-15 ಯುದ್ಧವಿಮಾನಗಳ ಮೇಲೆ ಚೀನಾ, ಕೊರಿಯಾದ ಗುರುತು, ಮೈಮೇಲೆ ಚೀನೀ ಸಮವಸ್ತ್ರ. ರೇಡಿಯೋದಲ್ಲಿ ರಷ್ಯನ್ ಆಡಕೂಡದು ಅಂತ ಆಜ್ಞೆ. ಬಾಲಕ್ಕೆ ಶತ್ರು ಅಂಟಿಕೊಂಡಾಗ ಯಾರಿಗೆ ಕಲಿತ ಕೊರಿಯನ್ ಬಾಯಿಗೆ ಬರುತ್ತದೆ? ತಾಯ್ನುಡಿಯ ಬೈಗುಳವೇ ಬರುತ್ತಿತ್ತು. ಅಮೆರಿಕದವರಿಗೂ ಅದು ತಿಳಿದಿತ್ತು, ಅವರೂ ಬಾಯಿ ಬಿಡಲಿಲ್ಲ. ಬಿಟ್ಟರೆ ರಷ್ಯಾದ ಮೇಲೂ ಏರಿಹೋಗಿ ಅಂತ ಅವರ ಜನವೇ ಕೂಗೆಬ್ಬಿಸುತ್ತಿತ್ತು. ಕೊರಿಯಾದ ನೆತ್ತಿಯ ಮೇಲೆ ಎರಡು ದೊಡ್ಡ ದೇಶಗಳು ಒಂದನ್ನೊಂದು ಸುಡುತ್ತ, ಇಬ್ಬರೂ ಇನ್ನೊಬ್ಬರ ಗುಟ್ಟು ಕಾಪಾಡಿದರು.

ನಮ್ಮವರ ಮೊದಲ ಗುಂಪು ಹೋದದ್ದು ಬಂದೂಕಿನೊಂದಿಗಲ್ಲ, ಔಷಧಿ ಪೆಟ್ಟಿಗೆಯೊಂದಿಗೆ: ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್. 1950ರ ಡಿಸೆಂಬರಿನಲ್ಲಿ ಉತ್ತರದ ರಾಜಧಾನಿ ಪ್ಯೊಂಗ್ಯಾಂಗಿನಿಂದ ವಿಶ್ವಸಂಸ್ಥೆಯ ಕಡೆಯವರೆಲ್ಲ ಹಿಂದಕ್ಕೆ ಓಡುತ್ತಿದ್ದಾಗ ಇವರಿಗೆ ಲಾರಿ ಸಿಗಲಿಲ್ಲ. ಎಲ್ಲೋ ನಿಂತಿದ್ದ ಹಳೇ ರೈಲು ಇಂಜಿನ್ ಹುಡುಕಿ, ಬೆಂಕಿ ಹಾಕಿ, ಸಾಮಾನು ತುಂಬಿಕೊಂಡು ಸೇತುವೆ ಸಿಡಿಸುವ ಮೊದಲೇ ನದಿ ದಾಟಿಬಿಟ್ಟರು. ಈ ಕಥೆಯನ್ನು ಅಳಿಯನಿಗೆ ಹೇಳಿದಾಗ ಮಾತ್ರ ಅವನು ಫೋನು ಕೆಳಗಿಟ್ಟ.

ಅಜ್ಜನ ಪಾಳಿ ಬಂದದ್ದು ಗುಂಡಿನ ಸದ್ದು ನಿಂತ ಮೇಲೆ. ಕದನವಿರಾಮದ ಮಾತುಕತೆ ಶುರುವಾದದ್ದು 1951ರ ಜುಲೈಯಲ್ಲಿ, ಸಹಿ ಬಿದ್ದದ್ದು 1953ರ ಜುಲೈ 27ಕ್ಕೆ. ಅಷ್ಟು ಕಾಲ ಎಳೆಯಲು ದೊಡ್ಡ ಕಾರಣ ಕೈದಿಗಳು. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ನಿಂತರೆ ಕೈದಿಗಳನ್ನು ತಡಮಾಡದೆ ಊರಿಗೆ ಕಳಿಸಬೇಕು. ಆದರೆ ವಿಶ್ವಸಂಸ್ಥೆಯ ಕಡೆ ಸಿಕ್ಕಿಬಿದ್ದ ಸಾವಿರಾರು ಚೀನೀಯರು, ಕೊರಿಯನ್ನರು ನಾವು ವಾಪಸ್ ಹೋಗುವುದಿಲ್ಲ ಅಂದರು. ಎಷ್ಟು ಜನ ಮನಸಾರೆ ಅಂದರು, ಎಷ್ಟು ಜನರ ಬಾಯಿಂದ ಶಿಬಿರದ ದಾಂಡಿಗರು ಅನ್ನಿಸಿದರು ಅನ್ನುವುದೇ ಜಗಳ. ಕೆಲವರ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಹಾಕಿಬಿಟ್ಟಿದ್ದರು. ಅಂಥ ತೋಳು ಹೊತ್ತು ಊರಿಗೆ ಹೇಗೆ ಹೋಗುವುದು?

ಕೊನೆಗೆ ನಮ್ಮ ಪ್ರತಿನಿಧಿ ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮುಂದಿಟ್ಟ ದಾರಿಯ ಜಾಡಿನಲ್ಲೇ ಐದು ತಟಸ್ಥ ದೇಶಗಳ ಆಯೋಗ ಆಯಿತು: ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ. ಎರಡು ದೇಶ ಆ ಕಡೆ, ಎರಡು ಈ ಕಡೆ, ನಡುವೆ ಮಡಿಕೇರಿಯವರು. (ಮುಂದೆ ರಕ್ಷಣಾ ಮಂತ್ರಿಯಾದ ಇದೇ ಮೆನನ್ ಜೊತೆ ಜಟಾಪಟಿಯಾಗಿ 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಬರೆದುಕೊಟ್ಟರು. ಅದು ಬೇರೆಯೇ ಪುರಾಣ.) ಕೈದಿಗಳನ್ನು ಕಾಯಲು ಜನರಲ್ ತೋರಟ್ ಕೈಕೆಳಗೆ ಸುಮಾರು 6,000 ಜನ ನಮ್ಮ ಸೈನಿಕರು.

ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತವೆಂದರೆ ಆಗದು. ಭಾರತದ ಸೈನಿಕರು ನಮ್ಮ ನೆಲಕ್ಕೆ ಕಾಲಿಡಕೂಡದು ಅಂದುಬಿಟ್ಟರು. ಅದಕ್ಕೆ ಇಂಚೋನ್ ಬಂದರಿನ ಹೊರಗೆ ಹಡಗಿನಿಂದಲೇ ಹೆಲಿಕಾಪ್ಟರ್ ಹತ್ತಿಸಿ ಎರಡೂ ಕೊರಿಯಾಗಳ ನಡುವಿನ ಸೇನಾರಹಿತ ವಲಯದಲ್ಲಿ ಇಳಿಸಿದರು. ಅಜ್ಜ ಇದನ್ನು ಹೇಳುವಾಗ ಎಡಗಾಲು ಎತ್ತಿ ತೋರಿಸುತ್ತಿದ್ದರು: "ಈ ಬೂಟು ಅವರ ಮಣ್ಣಿಗೆ ತಾಗಬಾರದಂತೆ. ಬಸ್ಸೇ ಸರಿಯಾಗಿ ಕಾಣದವನು ನಾನು, ಹೆಲಿಕಾಪ್ಟರ್‌ನಲ್ಲಿ ಹೋದೆ."

ಇಳಿದಲ್ಲಿ ಕಟ್ಟಿಕೊಂಡ ಊರಿನ ಹೆಸರು 'ಹಿಂದ್ ನಗರ'. ವಿಶ್ವಸಂಸ್ಥೆಯ ಕಡೆಯಿಂದ ನಮ್ಮವರ ಕಾವಲಿಗೆ ಬಂದ ಕೈದಿಗಳು 22,600ಕ್ಕೂ ಹೆಚ್ಚು. ಉತ್ತರದವರು ಹಿಡಿದಿಟ್ಟಿದ್ದವರಲ್ಲಿ ವಾಪಸ್ ಬೇಡವೆಂದವರು 359, ಅವರಲ್ಲಿ 23 ಜನ ಅಮೆರಿಕದವರು, ಒಬ್ಬ ಬ್ರಿಟಿಷ್. ಪ್ರತಿ ಕೈದಿಯನ್ನೂ ಒಂದು ಡೇರೆಗೆ ಕರೆತರಬೇಕು. ಅಲ್ಲಿ ಅವನ ದೇಶದ ಅಧಿಕಾರಿ ಮೇಜಿನ ಹಿಂದೆ ಕೂತು, ಊರಿಗೆ ಬಾ, ನಿನಗೇನೂ ಮಾಡುವುದಿಲ್ಲ ಅಂತ ತಿಳಿಹೇಳಬೇಕು. ಐದೂ ದೇಶದವರು ನೋಡುತ್ತಿರಬೇಕು. ಡೇರೆಗೆ ಹೊರಹೋಗಲು ಎರಡು ಬಾಗಿಲು. ಒಂದು ಊರಿಗೆ, ಇನ್ನೊಂದು ಮತ್ತೆ ಬೇಲಿಯೊಳಗೆ.

ಕಾಗದದ ಮೇಲೆ ಎಷ್ಟು ಚೊಕ್ಕ! ಒಳಗೆ ಬಂದವನು ಘೋಷಣೆ ಕೂಗುತ್ತ ಮೇಜಿನ ಮೇಲೆಯೇ ಎಗರುತ್ತಿದ್ದ, ಇಬ್ಬರು ನಮ್ಮವರು ತೋಳು ಹಿಡಿದುಕೊಳ್ಳಬೇಕು. 90 ದಿನ ನಡೆಯಬೇಕಿದ್ದ ಈ ತಿಳಿಹೇಳುವ ಕೆಲಸ ನಡೆದದ್ದು ಹತ್ತೇ ದಿನ. ಬೇಲಿಯೊಳಗೆ ಆಳ್ವಿಕೆ ನಡೆಸುತ್ತಿದ್ದವರು ಅವರದೇ ನಾಯಕರು, ಊರಿಗೆ ಹೋಗುತ್ತೇನೆ ಅಂದವನ ಕಥೆ ರಾತ್ರಿಯೇ ಮುಗಿಯಬಹುದು. ಒಮ್ಮೆ ಮೇಜರ್ ಗ್ರೇವಾಲ್ ಅವರನ್ನೇ ಕೈದಿಗಳು ಒಳಗೆ ಹಿಡಿದಿಟ್ಟುಕೊಂಡರು, ಜನರಲ್ ತೋರಟ್ ತಾವೇ ಒಳಹೊಕ್ಕು ಬಿಡಿಸಿ ತಂದರು. ಅಕ್ಟೋಬರ್ ಮೊದಲಲ್ಲಿ ಗಲಾಟೆ ಮಿತಿಮೀರಿ ನಮ್ಮವರು ಗುಂಡು ಹಾರಿಸಿ ಕೈದಿಗಳು ಸತ್ತದ್ದೂ ಇದೆ. ಅಜ್ಜ ಅದನ್ನು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಅವರು ಹೇಳುತ್ತಿದ್ದದ್ದು ಒಬ್ಬ ಹುಡುಗನ ಬಗ್ಗೆ. ರಾತ್ರಿ ಪಹರೆಯಲ್ಲಿದ್ದಾಗ ಮುಳ್ಳುತಂತಿ ಹತ್ತಿ ಇವರ ಕಾಲ ಬುಡಕ್ಕೇ ಬಿದ್ದನಂತೆ. ಅಂಗೈ ಎಲ್ಲ ಹರಿದಿತ್ತು. ಮಾತು ಒಬ್ಬರದು ಒಬ್ಬರಿಗೆ ಬಾರದು. ಹುಡುಗ ಬರೀ ಉತ್ತರದ ಕಡೆ ಕೈ ತೋರಿಸಿದ. "ಮನೆಗೆ ಅಂತ ಗೊತ್ತಾಯ್ತು. ಅದಕ್ಕೆ ಭಾಷೆ ಬೇಕಾ?"

ಹಾಗೆ ಊರಿಗೆ ಹೊರಟವರು ಒಟ್ಟು 600ಕ್ಕಿಂತ ಸ್ವಲ್ಪ ಹೆಚ್ಚು. ಉಳಿದವರನ್ನು 1954ರ ಜನವರಿ 20ರಿಂದ ವಿಶ್ವಸಂಸ್ಥೆಯ ಸೈನ್ಯಕ್ಕೇ ಒಪ್ಪಿಸಿದರು. ಚೀನೀಯರಲ್ಲಿ 14,000ಕ್ಕೂ ಹೆಚ್ಚು ಜನ ತೈವಾನಿಗೆ ಹೋದರು. 88 ಜನ ಮಾತ್ರ ಎರಡೂ ಕೊರಿಯಾ ಬೇಡ, ಎರಡೂ ಚೀನಾ ಬೇಡ ಅಂದರು. ಅವರನ್ನು ನಮ್ಮ ಸೈನಿಕರ ಜೊತೆಯೇ ಹಡಗಿನಲ್ಲಿ ಮದ್ರಾಸಿಗೆ ತಂದರು. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾ ಸೇರಿದರು, ಬೆರಳೆಣಿಕೆಯಷ್ಟು ಜನ ಇಲ್ಲೇ ಉಳಿದರು. ನನಗೆ ಇಡೀ ಯುದ್ಧದಲ್ಲಿ ಅರ್ಥವಾಗುವ ಜನ ಈ 88 ಮಂದಿ.

ಅಳಿಯ ಫೋನಿನಲ್ಲಿ ತೋರಿಸಿದ್ದು 2025ರ ಜನವರಿಯ ವಿಡಿಯೋ. ರಷ್ಯಾದ ಕುರ್ಸ್ಕ್‌ನಲ್ಲಿ ಉಕ್ರೇನಿನವರ ಕೈಗೆ ಸಿಕ್ಕ ಇಬ್ಬರು ಉತ್ತರ ಕೊರಿಯಾದ ಸೈನಿಕರು. ಒಬ್ಬನ ಕೈಗೆ ಬ್ಯಾಂಡೇಜು, ಇನ್ನೊಬ್ಬನ ದವಡೆಗೆ. ಒಬ್ಬನ ಬಳಿ ಇದ್ದ ಗುರುತಿನ ಚೀಟಿ ರಷ್ಯಾದ ತುವಾ ಪ್ರಾಂತ್ಯದ ಯಾರದ್ದೋ ಹೆಸರಿನಲ್ಲಿತ್ತು. ತರಬೇತಿ ಅಂದುಕೊಂಡು ಬಂದೆ ಅಂದನಂತೆ. ಅಷ್ಟು ಹೊತ್ತಿಗೆ ಅವರ ದೇಶದವರು ಸುಮಾರು 11,000 ಜನ ಅಲ್ಲಿದ್ದರೂ, ರಷ್ಯಾ ಮತ್ತು ಉತ್ತರ ಕೊರಿಯಾ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಏಪ್ರಿಲ್‌ನಲ್ಲಿ. 1950ರ ಮಿಗ್ ಪೈಲಟ್‌ಗಳ ಲೆಕ್ಕಕ್ಕೆ ಇದು ಬೇಗವೇ ಆಯಿತು. ವಿಡಿಯೋದಲ್ಲಿ ಕೇಳುತ್ತಾರೆ, ಊರಿಗೆ ಹೋಗುತ್ತೀಯಾ? ಆ ಹುಡುಗ ಮೊದಲು, ಇಲ್ಲಿಯವರೆಲ್ಲ ಒಳ್ಳೆಯವರಾ ಅಂತ ಕೇಳುತ್ತಾನೆ. ಆಮೇಲೆ ದಕ್ಷಿಣ ಕೊರಿಯಾಕ್ಕೆ ಹೋಗುವ ಮಾತು ಬಂತು.

ನಾವೇನು ದೂರ ನಿಂತು ನೋಡುವವರಲ್ಲ. 2024ರಲ್ಲಿ ನಮ್ಮ ಕಲಬುರಗಿ ಕಡೆಯ ಹುಡುಗರೇ ಒಳ್ಳೆ ಸಂಬಳದ ಕೆಲಸವೆಂಬ ಏಜೆಂಟರ ಮಾತು ನಂಬಿ ರಷ್ಯಾದ ಸೈನ್ಯದೊಳಗೆ ಸಿಕ್ಕಿಕೊಂಡಿದ್ದರು. ಪುಣ್ಯಕ್ಕೆ ಅದೇ ವರ್ಷ ವಾಪಸ್ ಬಂದರು.

ಮ್ಯೂಸಿಯಂನಿಂದ ಬಂದ ಸಂಜೆ ಸುಬೇದಾರ್ ಅಜ್ಜನ ಮನೆಗೆ ಅಳಿಯನನ್ನು ಕರೆದುಕೊಂಡು ಹೋದೆ. ಈಗ ಅಲ್ಲಿರುವುದು ಅವರ ಸೊಸೆ, ನಮಗೆಲ್ಲ ಅತ್ತೆ. ಆ ಮನೆಯ ಉಪ್ಪಿನಕಾಯಿ ಭರಣಿಗೆ ಒಂದು ಉದ್ದ ಹಿಡಿಯ ಹಿತ್ತಾಳೆ ಚಮಚ ಇದೆ. ಕೊರಿಯಾದ್ದು. ಎಲ್ಲಿ ತಂದಿರಿ ಅಂತ ಕೇಳಿದಾಗಲೆಲ್ಲ ಅಜ್ಜ "ಅಲ್ಲೇ ಬಜಾರಿನಲ್ಲಿ" ಅನ್ನುತ್ತಿದ್ದರು. ಅಂದು ಅದನ್ನು ಕೈಯಲ್ಲಿ ಹಿಡಿದಾಗ ಹೊಳೆಯಿತು. ಬೂಟು ಊರಲೂ ಬಿಡದ ದೇಶದಲ್ಲಿ ಇವರಿಗೆ ಯಾವ ಬಜಾರು? ಹಿಂದ್ ನಗರದಲ್ಲಿ ಇದ್ದದ್ದು ಡೇರೆ, ತಂತಿ, ಕೈದಿಗಳು.

ಅತ್ತೆಗೆ ಹೇಳಿದೆ. ಅವರು ಚಮಚ ತಿರುಗಿಸಿ ನೋಡಿದರು. "ಕೊಟ್ಟದ್ದೋ, ಬಿದ್ದದ್ದೋ?" ಅಂದರು. ನನಗೇನು ಗೊತ್ತು? ಹಿಡಿಯ ಹಿಂದೆ ಏನೋ ಗೀಚಿದ ಹಾಗಿದೆ, ಉಪ್ಪು ತಿಂದು ಅಳಿಸಿಹೋಗಿದೆ. ಅಳಿಯ ಟಾರ್ಚ್ ಹಾಕಿ ಫೋಟೋ ತೆಗೆದ, ಅಕ್ಷರವೋ ಗೀರೋ ಅವನಿಗೂ ತಿಳಿಯಲಿಲ್ಲ. ಅತ್ತೆ ಅದನ್ನು ತೊಳೆದು, ಒರೆಸಿ, ಕಂಚಿಹುಳಿ ಉಪ್ಪಿನಕಾಯಿ ಎರಡು ಚಮಚ ಬಾಟಲಿಗೆ ಹಾಕಿಕೊಟ್ಟರು.