ಮುಚ್ಚಳ ತೆಗೆದರೆ ತಿರುಗುವ ಫ್ಯಾನ್

ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಒಂದೇ ಮಷಿನ್ ಒಂದೇ ದೂರಿಗೆ ಮೂರು ಸಲ ನನ್ನ ಮೇಜಿಗೆ ಬಂದದ್ದು ಇದೊಂದೇ.

"ಸರ್, ಅರ್ಧ ಗಂಟೆ ಚೆನ್ನಾಗಿರುತ್ತೆ. ಆಮೇಲೆ ಸ್ಲೋ ಆಗುತ್ತೆ. ಸ್ವಲ್ಪ ಹೊತ್ತಿಗೆ ತಾನಾಗೇ ಆಫ್ ಆಗಿಬಿಡುತ್ತೆ" ಅಂದರು ಮಷಿನ್ ತಂದವರು. ಮೊದಲು ಸ್ಲೋ, ಆಮೇಲೆ ಆಫ್ ಅಂದರೆ ಬಹಳಷ್ಟು ಸಲ ಬಿಸಿಯದ್ದೇ ತೊಂದರೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗದಿರಲಿ ಅಂತ ಮಷಿನ್ ಆಫ್ ಆಗುತ್ತದೆ.

ಮೊದಲ ಸಲ ಧೂಳು ತೆಗೆದೆ, ಪ್ರೊಸೆಸರಿನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಎರಡು ಗಂಟೆ ಓಡಿಸಿದೆ. ಪ್ರೊಸೆಸರನ್ನು ತಣ್ಣಗಿಡುವ ಫ್ಯಾನ್ ಒಂದು ಸಲವೂ ನಿಲ್ಲಲಿಲ್ಲ. ನಾಲ್ಕೇ ದಿನಕ್ಕೆ ವಾಪಸ್ ಬಂತು. ಎರಡನೇ ಸಲ ಫ್ಯಾನ್ ಅನ್ನೇ ಬದಲಿಸಿದೆ. ಹಳೆಯದನ್ನು ಬೆರಳಲ್ಲಿ ತಿರುಗಿಸಿ ನೋಡಿದ್ದೆ. ಸದ್ದಿಲ್ಲದೆ, ಸಲೀಸಾಗಿ ತಿರುಗಿತ್ತು. ಬೇರಿಂಗ್ ಒಣಗಿದ್ದರೆ ಹಾಗೆ ತಿರುಗುವುದಿಲ್ಲ. ಅದು ಗೊತ್ತಿದ್ದೂ ಬದಲಿಸಿದೆ. ಈಗಲೂ ಬೇಜಾರಾಗುವುದು ಅದಕ್ಕೇ.

ಮೂರನೇ ಸಲ ಅವರು ಮಷಿನ್ ಕಳಿಸುವ ಮೊದಲು, ಫ್ಯಾನ್ ವೇಗ ಮತ್ತು ಬಿಸಿ ಎರಡನ್ನೂ ದಾಖಲಿಸುವ ಒಂದು ಪ್ರೋಗ್ರಾಂ ಅಲ್ಲೇ ಓಡಿಸಲು ಹೇಳಿದೆ. ಫ್ಯಾನಿನ ಮೂರನೇ ವೈರ್ ಪ್ರತಿ ಸುತ್ತಿಗೆ 2 ಪಲ್ಸ್ (ವಿದ್ಯುತ್ ಮಿಡಿತ) ಕಳಿಸುತ್ತದೆ. ಮದರ್‌ಬೋರ್ಡ್ ಅದನ್ನು ಎಣಿಸಿ ವೇಗ ತೋರಿಸುತ್ತದೆ. ದಾಖಲೆಯಲ್ಲಿ ನಿಮಿಷಕ್ಕೆ 800 ಸುತ್ತಿನ ಆಸುಪಾಸು ಇದ್ದ ವೇಗ ಒಮ್ಮೆಲೇ ಸೊನ್ನೆಯಾಗಿತ್ತು. ಬರೀ ಆ ವೈರ್ ಕಿತ್ತುಬಂದರೂ ಸೊನ್ನೆ ಕಾಣಬಹುದು. ಆದರೆ ಅದರ ಬೆನ್ನಿಗೇ ಬಿಸಿಯೂ ಏರಿತ್ತು. ಅಂದರೆ ಫ್ಯಾನ್ ನಿಜವಾಗಿಯೂ ನಿಂತಿತ್ತು. ಅದೂ ನಿಧಾನವಾಗುತ್ತಾ ಅಲ್ಲ, ಯಾರೋ ಹಿಡಿದು ನಿಲ್ಲಿಸಿದ ಹಾಗೆ.

ಆಗ ಹೊಳೆಯಿತು. ನಾನು ಪರೀಕ್ಷೆ ಮಾಡಿದ್ದೆಲ್ಲ ಮುಚ್ಚಳ ತೆಗೆದೇ ಅಲ್ವಾ?

ಮಷಿನ್ ಬಂದಾಗ ಸ್ಕ್ರೂ ಮುಟ್ಟಲಿಲ್ಲ. ಮುಚ್ಚಿದ ಹಾಗೇ ನಿಲ್ಲಿಸಿ, ಆನ್ ಮಾಡಿ, ಸುಮ್ನೆ ಬಿಟ್ಟೆ. ಸೈಡ್ ಪ್ಯಾನೆಲ್ಲಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ಕೂತೆ. ಇಪ್ಪತ್ತೈದು ನಿಮಿಷಕ್ಕೆ ಫ್ಯಾನ್ ನಿಂತಿತು. ಕೆಲವು ಸೆಕೆಂಡಿಗೊಮ್ಮೆ ರೆಕ್ಕೆ ಒಂದಿಷ್ಟು ಅಲುಗಾಡಿ ಮತ್ತೆ ಸುಮ್ಮನಾಗುತ್ತಿತ್ತು. ಸಿಕ್ಕಿಕೊಂಡ ಫ್ಯಾನ್ ಮೋಟಾರ್ ಸುಟ್ಟುಕೊಳ್ಳದ ಹಾಗೆ ಕರೆಂಟ್ ಕಡಿದುಕೊಂಡು, ಆಗಾಗ ಮತ್ತೆ ಪ್ರಯತ್ನಿಸುವ ರೀತಿ ಅದು. ಪ್ಯಾನೆಲ್ ಸ್ಕ್ರೂ ಬಿಚ್ಚಿ ಒಂದಿಂಚು ಹಿಂದಕ್ಕೆ ಸರಿಸಿದೆ. ಫ್ಯಾನ್ ತಾನಾಗೇ ತಿರುಗತೊಡಗಿತು!

ಪವರ್ ಸಪ್ಲೈಯಿಂದ ಬಂದು, ಯಾವುದಕ್ಕೂ ಹಾಕದೆ ಉಳಿದ ವೈರಿನ ಕಂತೆ ಅಲ್ಲಿತ್ತು. ಪ್ಯಾನೆಲ್ ಮುಚ್ಚಿದಾಗ ಅದು ಒಳಕ್ಕೆ ಒತ್ತಿಕೊಂಡು ರೆಕ್ಕೆಯ ಅಂಚಿಗೆ ತಾಗುತ್ತಿತ್ತು. ಹಳದಿ ವೈರಿನ ಮೇಲೆ ಉಗುರಿನಷ್ಟಗಲ ಜಾಗ ಸವೆದು ಹೊಳೆಯುತ್ತಿತ್ತು. ಆನ್ ಮಾಡಿದ ಹೊಸತರಲ್ಲಿ ಫ್ಯಾನ್ ಜೋರಾಗಿ ತಿರುಗಿ ವೈರನ್ನು ತಳ್ಳಿಬಿಡುತ್ತದೆ. ಕೆಲಸ ಕಡಿಮೆಯಾಗಿ ವೇಗ ಇಳಿದಾಗ ಆ ಶಕ್ತಿ ಇರುವುದಿಲ್ಲ. ನಾನು ಪರೀಕ್ಷೆಯಲ್ಲಿ ಜಾಸ್ತಿ ಲೋಡ್, ಅಂದರೆ ಜಾಸ್ತಿ ಕೆಲಸ, ಕೊಟ್ಟದ್ದರಿಂದ, ಮುಚ್ಚಳ ಹಾಕಿದ್ದರೂ ಬಹುಶಃ ಸಿಗುತ್ತಿರಲಿಲ್ಲ.

ನಿಂತ ಫ್ಯಾನ್ ಎಲ್ಲ ಕೆಟ್ಟದ್ದಲ್ಲ. ಬಹಳಷ್ಟು ಗ್ರಾಫಿಕ್ಸ್ ಕಾರ್ಡ್‌ಗಳು ಬಿಸಿ ಕಡಿಮೆ ಇದ್ದಾಗ ತಾವೇ ಫ್ಯಾನ್ ನಿಲ್ಲಿಸುತ್ತವೆ. ಮೂರು ವೈರಿನ ಫ್ಯಾನಿಗೆ 12 ವೋಲ್ಟ್ ಬದಲು ತೀರಾ ಕಡಿಮೆ ವೋಲ್ಟ್ ಹೋಗುವಂತೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಸೆಟ್ ಆಗಿದ್ದರೂ ನಿಲ್ಲಬಹುದು. ಅದಕ್ಕೇ ಈಗ ಮೊದಲು ಕೇಳುವುದು, ನಿಲ್ಲುವಾಗ ಮಷಿನ್ ಏನು ಮಾಡುತ್ತಿತ್ತು ಅಂತ. ಆಮೇಲೆ ಮುಚ್ಚಳ ಹಾಕಿ, ನೇರ ನಿಲ್ಲಿಸಿ, ಒಂದು ಗಂಟೆ ಲೋಡ್ ಇಲ್ಲದೆ, ಇನ್ನೊಂದು ಗಂಟೆ ಲೋಡ್ ಕೊಟ್ಟು ನೋಡುತ್ತೇನೆ.

ಆ ವೈರಿನ ಕಂತೆಯನ್ನು ಕೇಬಲ್ ಟೈ ಹಾಕಿ ಬಿಗಿದೆ. ಹಳೆಯ ಫ್ಯಾನನ್ನೇ ವಾಪಸ್ ಹಾಕಿದೆ. ಹೊಸ ಫ್ಯಾನಿಗೆ ತೆಗೆದುಕೊಂಡ ಹಣವನ್ನು ಅವರಿಗೆ ಹಿಂದಿರುಗಿಸಿದೆ.