ಕೆಂಡದ ಮುಂದೆ ಪೇತ್ರ

ಗದಗ-ಬೆಟಗೇರಿಯ ನಮ್ಮ ಕ್ರೈಸ್ತ ಮನೆಗಳಲ್ಲಿ ಈಸ್ಟರ್ ಅಂದರೆ, ಯೇಸುಸ್ವಾಮಿ ಸತ್ತು ಎದ್ದುಬಂದದ್ದನ್ನು ನೆನೆಯುವ ನಸುಕಿನ ಹಬ್ಬ. ಕತ್ತಲಿರುವಾಗಲೇ ಎದ್ದು, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು, ಹೂವು, ಮೇಣದಬತ್ತಿ ಹಿಡಿದು ಗೋರಿಗಳ ಹತ್ತಿರ ಹೋಗುತ್ತೇವೆ. ಹುಣ್ಣಿಮೆ ಆದ ಮೇಲಿನ ಭಾನುವಾರ ಬರುವ ಹಬ್ಬ ಇದು. ಹಾಗಾಗಿ ಪಡುವಣದಲ್ಲಿ ಚಂದ್ರ ಬಹಳ ಸಲ ಇನ್ನೂ ಇರುತ್ತಾನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅಂದಿನಿಂದ ಎಷ್ಟು ತಲೆಮಾರಿನವರು ಈ ಮಣ್ಣು ಸೇರಿದ್ದಾರೋ! ಅವರೂ ನಮ್ಮಂಥವರೇ. ಜಗಳ, ಸಾಲ, ಸುಳ್ಳು ಎಲ್ಲ ಇದ್ದವರು. ಅವರ ತಪ್ಪುಗಳು ಈಗ ಯಾರಿಗೂ ನೆನಪಿಲ್ಲ. ಬದುಕಿರುವವರ ತಪ್ಪನ್ನು ಮಾತ್ರ ನಾವು ಮರೆಯುವುದಿಲ್ಲ.

"ಅವ ಮೊದ್ಲ ಹೆಂಗಿದ್ದ ನಮಗ ಗೊತ್ತಿಲ್ಲೇನು?" ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗಲೇ ಈ ಮಾತು ಕಿವಿಗೆ ಬೀಳುತ್ತದೆ. ಕುಡಿತ ಬಿಟ್ಟು ವರ್ಷಗಳಾದರೂ ಊರ ಬಾಯಲ್ಲಿ ಅವನು ಕುಡುಕನೇ. ದೇವರು ಹರಿದು ಹಾಕಿದ ಉದ್ರಿ ಪುಸ್ತಕವನ್ನು ನಾವು ಅಂಟಿಸಿ ಇಟ್ಟುಕೊಳ್ಳುತ್ತೇವೆ. ಬೇರೆಯವರದಷ್ಟೇ ಅಲ್ಲ, ನಮ್ಮದನ್ನೂ. ಚರ್ಚಿನಲ್ಲಿ ಪಾಪದ ಅರಿಕೆ ಮಾಡುತ್ತೇವೆ, ಕ್ಷಮೆಯ ಮಾತು ಕೇಳುತ್ತೇವೆ, ರಾತ್ರಿ ಅದನ್ನೇ ನೆನೆದು ಹೊರಳಾಡುತ್ತೇವೆ. ಹೌದಲ್ವಾ?

ಅದಕ್ಕೇ ನನಗೆ ಈಸ್ಟರ್ ಕಥೆಗಳಲ್ಲಿ ಯೇಸುಸ್ವಾಮಿಯ ಶಿಷ್ಯ ಪೇತ್ರನದೇ ಜಾಸ್ತಿ ಇಷ್ಟ. ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆಳುಗಳು ಚಳಿಗೆ ಇದ್ದಿಲ ಬೆಂಕಿ ಹಾಕಿದ್ದರು. ಅದರ ಮುಂದೆ ಮೈ ಕಾಯಿಸಿಕೊಳ್ಳುತ್ತ ನಿಂತ ಪೇತ್ರ "ಆತ ಯಾರೋ ನನಗೆ ಗೊತ್ತಿಲ್ಲ" ಎಂದು ಮೂರು ಸಲ ಹೇಳಿಬಿಟ್ಟ. ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಯೇಸುಸ್ವಾಮಿಯ ಬರಿದಾದ ಸಮಾಧಿಯ ಬಳಿ ಹೆಂಗಸರಿಗೆ ಸಿಕ್ಕ ಮಾತನ್ನು ಬೈಬಲ್ಲಿನ ಮಾರ್ಕನ ಸುವಾರ್ತೆಯಲ್ಲಿ ನೋಡಿ. ಆತನ ಶಿಷ್ಯರಿಗೂ ಪೇತ್ರನಿಗೂ ತಿಳಿಸಿ ಎಂದಿದೆ. ಪೇತ್ರ ಶಿಷ್ಯರಲ್ಲಿ ಒಬ್ಬನಲ್ಲವೇ? ಅವನ ಹೆಸರು ಬೇರೆ ಯಾಕೆ? "ನಾನಿನ್ನು ಆ ಗುಂಪಿನವನಲ್ಲ" ಎಂದು ಅವನು ಮೂಲೆ ಹಿಡಿದಿದ್ದಿರಬೇಕು. ಇದು ನನ್ನ ಊಹೆ.

ಮುಂದಿನ ಭಾಗ ಯೋಹಾನನ ಸುವಾರ್ತೆಯದು. ಪೇತ್ರ ಮತ್ತವನ ಜೊತೆಯವರು ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನಿಲ್ಲ. ಬೆಳಗ್ಗೆ ದಡದಲ್ಲಿ ನಿಂತಿದ್ದ ಯೇಸುಸ್ವಾಮಿಯ ಮಾತು ಕೇಳಿ ಬಲೆ ಹಾಕಿದರೆ 153 ದೊಡ್ಡ ಮೀನು. ದಡಕ್ಕೆ ಬಂದರೆ ಅಲ್ಲಿ ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮತ್ತೆ ಅದೇ ಇದ್ದಿಲ ಬೆಂಕಿ! ಆ ವಾಸನೆಗೇ ಪೇತ್ರನ ಎದೆ ಧಸಕ್ ಅಂದಿರಬೇಕು. ಯೇಸುಸ್ವಾಮಿ ಮೊದಲು ಎಲ್ಲರನ್ನೂ ಊಟಕ್ಕೆ ಕರೆದರು. ಹೊಟ್ಟೆ ತುಂಬಿದ ಮೇಲೆ ಮೂರು ಸಲ ಕೇಳಿದ್ದು ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಮೂರನೇ ಸಲ ಪೇತ್ರನಿಗೆ ನೋವಾಯಿತು. ಆದರೆ ಆ ರಾತ್ರಿ ಯಾಕೆ ಹಾಗೆ ಮಾಡಿದೆ ಅಂತ ಅವರು ಕೇಳಲಿಲ್ಲ. ಇನ್ನು ಮೇಲೆ ಹಾಗೆ ಮಾಡಲ್ಲ ಅಂತ ಆಣೆ ಹಾಕಿಸಲಿಲ್ಲ. ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸ ಕೊಟ್ಟರು. ಅದೂ ಎಂಥ ಕೆಲಸ! ನಾವಾಗಿದ್ದರೆ ಅಂಥವನ ಕೈಗೆ ಚರ್ಚಿನ ಬೀಗದಕೈ ಸಹ ಕೊಡುತ್ತಿರಲಿಲ್ಲ.

ಹಾಗಂತ ಕ್ಷಮೆ ಸಿಕ್ಕಿತು ಅಂತ ಬಾಕಿ ಮುಳುಗಿಸುವಂತಿಲ್ಲ. ಬೈಬಲ್ಲಿನಲ್ಲಿ ಬರುವ ಯೆರಿಕೋ ಊರಿನ ಸುಂಕ ವಸೂಲಿಯ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಮ್ಮ ಸಭೆಯ ಹಿರಿಯರೊಬ್ಬರು ಹೊಲ ಮಾರಿದಾಗ ತಂಗಿಯ ಪಾಲನ್ನೂ ತಾವೇ ಇಟ್ಟುಕೊಂಡಿದ್ದರು. ಒಂದು ವರ್ಷ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅದು ಮನಸ್ಸಿಗೆ ಚುಚ್ಚತೊಡಗಿತು. ನನಗೋಸ್ಕರ ಪ್ರಾರ್ಥನೆ ಮಾಡಿ ಎಂದು ಸಭಾಪಾಲಕರ ಹತ್ತಿರ ಹೋದರು. "ಮೊದ್ಲ ತಂಗಿ ಮನಿಗೆ ಹೋಗಿ ಬರ್ರಿ ಕಾಕಾ, ಆಮ್ಯಾಲೆ ಪ್ರಾರ್ಥನಾ ಮಾಡೂಣು" ಅಂದರಂತೆ ಅವರು. ಕಾಕಾ ರೊಕ್ಕ ಕಟ್ಟಿಕೊಂಡು ಹಾವೇರಿ ಬಸ್ ಹತ್ತಿದರು. ತಂಗಿ ಅದನ್ನು ಸರಿಯಾಗಿ ಎಣಿಸಿಕೊಂಡಳಂತೆ. ಆಮೇಲೆ ಒಲೆ ಹಚ್ಚಿ ಅಣ್ಣನಿಗೆ ರೊಟ್ಟಿ ಬಡಿದಳಂತೆ.